ಪೊರೆ ತೆಗೆಯುವ ಶಿಬಿರ ಆಸ್ಪತ್ರೆಯ ಬಸ್ಸು ಹತ್ತಿದ್ದು

ಒಂದೇ ದಿನ 833 ಜನರ ಕಣ್ಣಿನ ಪೊರೆ ತೆಗೆದವರೆಂದು ಗಿನ್ನೆಸ್ ದಾಖಲೆಗೆ ಸೇರಿದವರು ನಮ್ಮ ಬೀಳಗಿಯ ಡಾ. ಎಂ.ಸಿ. ಮೋದಿ. ಆಪರೇಷನ್ ಥಿಯೇಟರು ದೊಡ್ಡ ಊರುಗಳಲ್ಲಷ್ಟೇ ಇದ್ದ ಕಾಲವದು. ಕಣ್ಣು ಕಾಣದ ಮುದುಕಿ ಅಲ್ಲಿಯತನಕ ಹೋಗುವುದೆಲ್ಲಿ ಬಂತು? ಹಾಗಾಗಿ ವೈದ್ಯರೇ ಊರೂರು ಸುತ್ತಿ ಶಿಬಿರ ನಡೆಸಿದರು. ಶಾಲೆ, ಛತ್ರಗಳೇ ವಾರ್ಡುಗಳಾದವು.

ಆಗಿನ ವಿಧಾನವೂ ಅದಕ್ಕೆ ಒಗ್ಗುವಂಥದ್ದೇ. ಮಂಜಾದ ಮಸೂರವನ್ನು ಅದರ ಚೀಲದ ಸಮೇತ ಹೊರತೆಗೆದರೆ ಆಯಿತು. ಆಮೇಲೆ ದಿನಗಟ್ಟಲೆ ಅಲುಗಾಡದೆ ಮಲಗಬೇಕು, ಬದುಕಿಡೀ ಸೋಡಾ ಬುಡ್ಡಿ ಕನ್ನಡಕ ಹಾಕಬೇಕು. ಅದು ಒಡೆದರೆ ಮತ್ತೆ ಗೋಡೆ ತಡಕುವುದೇ ಗತಿ. ಆದರೂ ಮೊಮ್ಮಗುವಿನ ಮುಖ ಕಂಡವರಿಗೆ ಅದು ಮರುಜನ್ಮ.

ಇದನ್ನೆಲ್ಲ ಬದಲಿಸಿದ್ದು ಕಣ್ಣೊಳಗೇ ಕೂರಿಸುವ ಕೃತಕ ಮಸೂರ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಅದನ್ನು ಅಳವಡಿಸಿದ್ದರೂ ನಮ್ಮ ಬಡವರನ್ನು ಮುಟ್ಟಲು ದಶಕಗಳೇ ಬೇಕಾದವು. ಅದಕ್ಕೆ ಸೂಕ್ಷ್ಮದರ್ಶಕ ಬೇಕು, ಸೋಂಕಿಲ್ಲದ ಕೋಣೆ ಬೇಕು. ಶಾಲೆಯ ಕೊಠಡಿಯಲ್ಲಿ ಅದು ಆಗದ ಮಾತು.

ಇದಕ್ಕೊಂದು ದಾರಿ ಕಂಡದ್ದು ಮದುರೈಯಲ್ಲಿ. ಅಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆ ತೆರೆದರು. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಶಸ್ತ್ರಚಿಕಿತ್ಸೆ ಕಲಿತ ಮನುಷ್ಯ ಅವರು. ಅಲ್ಲಿನ ಥಿಯೇಟರಿನಲ್ಲಿ ಒಬ್ಬ ಸರ್ಜನ್‌ಗೆ ಎರಡು ಮೇಜು. ಒಂದರ ಮೇಲೆ ಕೆಲಸ ಮುಗಿಯುವಷ್ಟರಲ್ಲಿ ಇನ್ನೊಂದರ ಮೇಲಿನ ರೋಗಿ ಸಿದ್ಧ. ಸೂಕ್ಷ್ಮದರ್ಶಕ ಆ ಕಡೆ ತಿರುಗುತ್ತದೆ. ರೋಗಿಯನ್ನು ಸಿದ್ಧಗೊಳಿಸುವವರು ಹಳ್ಳಿಗಳಿಂದ ಬಂದು ತರಬೇತಿ ಪಡೆದ ಹೆಣ್ಣುಮಕ್ಕಳು. ಸರ್ಜನ್‌ನ ವೇಗವನ್ನಷ್ಟೇ ಹೊಗಳುವವರು ಈ ಹುಡುಗಿಯರ ಕೈಚಳಕವನ್ನೂ ನೋಡಬೇಕು. ಆಮದು ಮಸೂರದ ಬೆಲೆ ತಾಳಲಾರದೆ 1992ರಲ್ಲಿ ಆರೋಲ್ಯಾಬ್ ಎಂಬ ಸ್ವಂತ ಕಾರ್ಖಾನೆಯೂ ಆಯಿತು.

ಹಾಗೆಂದು ಹಳ್ಳಿಯ ಶಿಬಿರ ನಿಲ್ಲಲಿಲ್ಲ. ತಪಾಸಣೆ ಹಳ್ಳಿಯಲ್ಲಿ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ ಎಂದಾಯಿತು. ಆದರೆ ಉಚಿತ ಎಂದರೂ ಜನ ಬರಲಿಲ್ಲ! ವಿಚಾರಿಸಿದರೆ ಬಸ್ ಚಾರ್ಜು, ಊಟದ ಖರ್ಚು, ಜೊತೆಗೆ ಬರುವ ಮಗನ ತಪ್ಪಿದ ಕೂಲಿ ಎಲ್ಲ ಲೆಕ್ಕಕ್ಕೆ ಬಂದವು. ಹೀಗಾಗಿ ಆಸ್ಪತ್ರೆಯೇ ಬಸ್ಸು ಮಾಡಿ, ಊಟ ಹಾಕಿ, ಊರಿಗೆ ಮರಳಿ ಬಿಡತೊಡಗಿತು. ನನ್ನ ಪಾಲಿಗೆ ಮಸೂರದಷ್ಟೇ ದೊಡ್ಡದು ಈ ಬಸ್ಸು. ತಪಾಸಣೆಯಾದ ದಿನವೇ, ಮನಸ್ಸು ಬದಲಾಗುವ ಮುನ್ನ, ಊರಿನವರ ನಡುವೆಯೇ ಕೂತು ಅಜ್ಜಿ ಹೊರಡುತ್ತಾಳೆ.