ಮಕ್ಕಳ ಮೈಮೇಲಿನ ಮಚ್ಚೆಗಳು

ಕಮಲಾಪುರದಲ್ಲಿ ಹಸುಗೂಸನ್ನು ನನ್ನ ಚಿಕಿತ್ಸಾಲಯಕ್ಕೆ ತರುವ ಅಜ್ಜಿಯರು ಎಷ್ಟೋ ಸಲ ಕೂಸನ್ನು ಬೋರಲು ಮಲಗಿಸಿ, ಟೊಂಕದ ಕೆಳಗಿನ ನೀಲಿ ಕಲೆಯನ್ನು ತೋರಿಸುತ್ತಾರೆ. ಹೆರಿಗೆಯಲ್ಲಿ ಪೆಟ್ಟಾಯಿತೇ, ಇಲ್ಲವೇ ಬಸುರಿ ಸೊಸೆ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳೇ ಎಂಬುದು ಅವರ ಪ್ರಶ್ನೆ. ಬಾಣಂತಿ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾಳೆ. ಎರಡೂ ಕಾರಣವಲ್ಲ. ಶಕುನ, ತಿಥಿಗಳ ಭಯವನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತಿರಸ್ಕರಿಸಿದರು. ಅವರ ಹೆಸರು ಹೇಳುವ ನಮ್ಮ ಮನೆಗಳಲ್ಲಿ ಮಾತ್ರ ಸೊಸೆಯ ಮೇಲೆ ಹೊರಿಸುವ ತಪ್ಪುಗಳಲ್ಲಿ ಇದೂ ಉಳಿದುಕೊಂಡಿದೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳು ಗರ್ಭದಲ್ಲಿ ಬೆನ್ನುಹುರಿ ರೂಪುಗೊಳ್ಳುವ ಭಾಗದಿಂದ ಹೊರಟು ಚರ್ಮದ ಮೇಲ್ಪದರವನ್ನು ಸೇರುತ್ತವೆ. ಕೆಲವು ಒಳಪದರದಲ್ಲಿಯೇ ಉಳಿದರೆ, ಆಳದಲ್ಲಿರುವ ಆ ಕಪ್ಪು ಹೊರಗಿನಿಂದ ನೀಲಿಯಾಗಿ ಕಾಣುತ್ತದೆ. ಜಪಾನಿನಲ್ಲಿದ್ದ ಜರ್ಮನ್ ವೈದ್ಯ ಎರ್ವಿನ್ ಬೆಲ್ಜ್ 1885ರಲ್ಲಿ ಇದನ್ನು ‘ಮಂಗೋಲಿಯನ್ ಕಲೆ’ ಎಂದು ಕರೆದನು. ಹೆಸರು ಸರಿಯಲ್ಲ, ಏಷ್ಯಾ ಮತ್ತು ಆಫ್ರಿಕಾ ಮೂಲದ ಮಕ್ಕಳಲ್ಲೆಲ್ಲ ಇದು ಸಾಮಾನ್ಯ. ಮುಂಡಗೋಡಿನ ಟಿಬೆಟನ್ ಕೂಸಿನಲ್ಲಿಯೂ, ಯಲ್ಲಾಪುರದ ಸಿದ್ದಿ ಕೂಸಿನಲ್ಲಿಯೂ, ನಮ್ಮ ಕೂಸಿನಲ್ಲಿಯೂ ಕಾಣಬಹುದು. ಬಹುಪಾಲು ಐದಾರು ವರ್ಷಗಳೊಳಗೆ ತಾನಾಗಿ ಮಾಸುತ್ತದೆ. ಮೈತುಂಬ ಹರಡಿದ್ದು ವರ್ಷ ಕಳೆದರೂ ಮಾಸದಿದ್ದರೆ ಮಾತ್ರ ಮಕ್ಕಳ ತಜ್ಞರಿಗೆ ತೋರಿಸಬೇಕು.

ಯುರೋಪಿಯನ್ ಮೂಲದ ಮಕ್ಕಳಲ್ಲಿ ಈ ಕಲೆ ವಿರಳ. ಆದ್ದರಿಂದ ಅದರ ಪರಿಚಯವಿಲ್ಲದವರು ಇದನ್ನು ಹೊಡೆತದ ಗುರುತೆಂದು ಶಂಕಿಸುವುದುಂಟು. ಪರದೇಶದಲ್ಲಿರುವ ನಮ್ಮ ಮಕ್ಕಳು ಹೆರಿಗೆಯ ನಂತರದ ತಪಾಸಣೆಯಲ್ಲಿಯೇ ಕಲೆಯನ್ನು ಕೂಸಿನ ದಾಖಲೆಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಪೆಟ್ಟಿನ ಕಲೆ ಕೆಲವೇ ದಿನಗಳಲ್ಲಿ ಬಣ್ಣ ಬದಲಿಸುತ್ತದೆ, ಮುಟ್ಟಿದರೆ ನೋಯುತ್ತದೆ, ಇದು ಹಾಗಲ್ಲ.

ಇನ್ನು ಮಚ್ಚೆ. ಅದು ಅದೇ ವರ್ಣಕೋಶಗಳು ಒಂದೆಡೆ ಗುಂಪುಗೂಡಿದ್ದು. ನೂರು ಶಿಶುಗಳಲ್ಲಿ ಸುಮಾರು ಒಂದಕ್ಕೆ ಹುಟ್ಟಿನಿಂದಲೇ ಇರುತ್ತದೆ. ಉಳಿದವರಿಗೆ ಬಾಲ್ಯದಿಂದ ಯೌವನದವರೆಗೆ ಒಂದೊಂದಾಗಿ ಮೂಡುತ್ತವೆ. ವರ್ಣಕೋಶಗಳ ಸಂಖ್ಯೆ ಎಲ್ಲ ಜನಾಂಗಗಳಲ್ಲಿಯೂ ಹೆಚ್ಚುಕಡಿಮೆ ಒಂದೇ; ಅವು ತಯಾರಿಸುವ ಬಣ್ಣದಲ್ಲಿ ಮಾತ್ರ ವ್ಯತ್ಯಾಸ. ಬಿಳಿಯ ಚರ್ಮಕ್ಕೆ ಬಿಸಿಲಿನಿಂದ ರಕ್ಷಣೆ ಕಡಿಮೆಯಾದ್ದರಿಂದ ಅವರಲ್ಲಿ ಮಚ್ಚೆಗಳು ಹೆಚ್ಚು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಬಿಳಿಯ ಮಕ್ಕಳಲ್ಲಿ ಅತಿ ಹೆಚ್ಚು. ಕಪ್ಪು ಚರ್ಮದವರಲ್ಲಿ ಒಟ್ಟು ಸಂಖ್ಯೆ ಕಡಿಮೆಯಿದ್ದರೂ ಅಂಗೈ ಅಂಗಾಲುಗಳಲ್ಲಿ ಕಾಣುವುದು ಹೆಚ್ಚು. ಹಂಪಿಗೆ ಬರುವ ವಿದೇಶಿ ಮಕ್ಕಳ ಮೂಗಿನ ಮೇಲಿನ ಕಂದು ಚುಕ್ಕಿಗಳು ಮಚ್ಚೆಯಲ್ಲ; ಬಿಸಿಲಿಗೆ ಗಾಢವಾಗಿ, ಚಳಿಗಾಲದಲ್ಲಿ ತಿಳಿಯಾಗುವ ಬರಿಯ ಬಣ್ಣ.

ಸುಶ್ರುತ ಸಂಹಿತೆಯ ನಿದಾನಸ್ಥಾನವು ಇವನ್ನು ಕ್ಷುದ್ರರೋಗಗಳಲ್ಲಿ ಎಣಿಸುತ್ತದೆ: ಎಳ್ಳಿನಂತೆ ಚರ್ಮಕ್ಕೆ ಸಮವಾಗಿರುವುದು ತಿಲಕಾಲಕ, ಉದ್ದಿನಂತೆ ಉಬ್ಬಿದ್ದು ಮಷಕ, ಹುಟ್ಟಿನಿಂದ ಬಂದದ್ದು ಜತುಮಣಿ. ಕ್ಷಾರದಿಂದ ಸುಡುವ ಕ್ರಮವೂ ಆ ಗ್ರಂಥದಲ್ಲಿದೆ. ಅದನ್ನೇ ಆಧಾರವಾಗಿಟ್ಟುಕೊಂಡು ಸುಣ್ಣಕ್ಕೆ ಸೋಡಾ ಕಲಸಿ ಮಗಳ ಕೆನ್ನೆಯ ಮಚ್ಚೆಗೆ ಹಚ್ಚುವವರಿದ್ದಾರೆ. ಸುಶ್ರುತನು ಹೇಳಿದ್ದು ಪಳಗಿದ ಶಸ್ತ್ರವೈದ್ಯನಿಗೆ. ಮನೆಯಲ್ಲಿ ಹಚ್ಚಿದ ಸುಣ್ಣ ಎಷ್ಟು ಆಳಕ್ಕೆ ಸುಡುವುದೆಂದು ಯಾರಿಗೂ ತಿಳಿಯದು. ನಮ್ಮಂಥ ಚರ್ಮದಲ್ಲಿ ಸುಟ್ಟ ಗಾಯ ಗಂಟುಗಟ್ಟುವ ಸಂಭವವೂ ಹೆಚ್ಚು. ಎಳ್ಳುಕಾಳಿನಷ್ಟಿದ್ದ ಮಚ್ಚೆಯ ಜಾಗದಲ್ಲಿ ರೂಪಾಯಿ ನಾಣ್ಯದಷ್ಟು ಕಲೆ ಉಳಿದ ಹುಡುಗಿಯರನ್ನು ನಾನು ಕಂಡಿದ್ದೇನೆ.

ಮಕ್ಕಳ ಮಚ್ಚೆ ಕ್ಯಾನ್ಸರಾಗುವುದು ಬಲು ಅಪರೂಪ. ಆದರೂ ಹುಟ್ಟುಮಚ್ಚೆ ಅಂಗೈಗಿಂತ ದೊಡ್ಡದಿದ್ದರೆ, ಮಚ್ಚೆ ಬೇಗ ಬೆಳೆದರೆ, ಅಂಚು ಸೊಟ್ಟಗಾದರೆ, ರಕ್ತ ಒಸರಿದರೆ, ಉಗುರಿನಡಿ ಕಪ್ಪು ಗೆರೆ ಅಗಲವಾಗುತ್ತ ಹೋದರೆ ನನ್ನ ಬಳಿಗೆ ಬರುವುದಕ್ಕಿಂತ ನೇರವಾಗಿ ಚರ್ಮರೋಗ ತಜ್ಞರಲ್ಲಿಗೆ ಹೋಗಿರಿ.