ಫ್ರಿಜ್ಜಿಗೆ ಯಾವ ಗ್ಯಾಸ್?

1956ರ ನವೆಂಬರ್ 1ರಂದು ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಿಂದಲೂ ತಾಂಡೂರು ಕಲಬುರಗಿ ಜಿಲ್ಲೆಯಿಂದಲೂ ಬೇರೆಯಾಗಿ ಆಂಧ್ರಕ್ಕೆ ಸೇರಿದವು, ಈಗ ತೆಲಂಗಾಣ. ಮನೆಗಳಲ್ಲಿ ಕನ್ನಡ ಉಳಿಯಿತು. ಬೇಸಿಗೆಗಂತೂ ಗಡಿಯೇ ಇಲ್ಲ. ಮೇ ತಿಂಗಳಲ್ಲಿ ತಾಂಡೂರಿನ ಫರಸಿ ಕಲ್ಲೂ ಕಾಯುತ್ತದೆ. ಆಗಲೇ ಫ್ರಿಜ್ ಕೈಕೊಟ್ಟರೆ ‘ಗ್ಯಾಸ್ ಹೋಗ್ಯಾದ, ಹಾಕಿಸ್ಬೇಕು’ ಎಂಬ ಮಾತು. ಯಾವ ಗ್ಯಾಸ್ ಎಂದು ಕೇಳುವವರು ಕಡಿಮೆ.

ತಂತ್ರ ಮಣ್ಣಿನ ಮಡಕೆಯದೇ: ದ್ರವ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ. ಮಡಕೆಯಿಂದ ಆವಿ ಹೊರಟುಹೋಗುತ್ತದೆ. ಫ್ರಿಜ್ಜಿನ ಕಂಪ್ರೆಸರ್ ಆವಿಯನ್ನು ಒತ್ತಿ, ಹಿಂದಿನ ಜಾಲರಿಯಲ್ಲಿ ಶಾಖ ಕಳೆದು, ಮತ್ತೆ ದ್ರವ ಮಾಡಿಕೊಳ್ಳುತ್ತದೆ. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಇದಕ್ಕೆ ಅಮೋನಿಯಾ ಬಳಸಿದ. ಮೈನಸ್ 33 ಡಿಗ್ರಿಯಲ್ಲೇ ಕುದಿಯುವ ಅದು ಅಗ್ಗ, ಆದರೆ ವಿಷ. ತಾಮ್ರವನ್ನು ತಿನ್ನುವುದರಿಂದ ಉಕ್ಕಿನ ಪೈಪೇ ಬೇಕು. ಸೋರಿದರೆ ಮೂಗು ಮೊದಲೇ ಎಚ್ಚರಿಸುತ್ತದೆ. ಜಹೀರಾಬಾದ್ ಸುತ್ತ ಬೆಳೆಯುವಂಥ ಆಲೂಗಡ್ಡೆಯನ್ನು ತಿಂಗಳುಗಟ್ಟಲೆ ಇಡುವ ಕೋಲ್ಡ್ ಸ್ಟೋರೇಜುಗಳಲ್ಲಿ, ಐಸ್ ಫ್ಯಾಕ್ಟರಿಗಳಲ್ಲಿ ಇಂದಿಗೂ ಅದರದೇ ರಾಜ್ಯ. ನನ್ನ ಮಟ್ಟಿಗೆ ಅದು ನ್ಯಾಯವೇ: ಅದು ಓಝೋನನ್ನು ಮುಟ್ಟುವುದಿಲ್ಲ, ಭೂಮಿಯನ್ನು ಕಾಯಿಸುವುದೂ ಇಲ್ಲ.

ಅಡುಗೆಮನೆಯಲ್ಲಿ ವಿಷ ಯಾರಿಗೆ ಬೇಕು? 1928ರಲ್ಲಿ ಅಮೆರಿಕದ ಥಾಮಸ್ ಮಿಡ್‌ಗ್ಲಿ ತಂಡ ಆರ್-12 ಎಂಬ ಅನಿಲವನ್ನು ಕಂಡುಹಿಡಿಯಿತು. 1930ರಲ್ಲಿ ಮಿಡ್‌ಗ್ಲಿ ಸಭೆಯೊಂದರಲ್ಲಿ ಅದನ್ನು ಉಸಿರಾಡಿ, ಊದಿ ಮೇಣದಬತ್ತಿ ಆರಿಸಿ ತೋರಿಸಿದ: ವಿಷವಲ್ಲ, ಉರಿಯುವುದೂ ಇಲ್ಲ! (ಪೆಟ್ರೋಲಿಗೆ ಸೀಸ ಬೆರೆಸಿದವನೂ ಇವನೇ.) ಆರ್-12ರ ಕ್ಲೋರಿನ್ ಓಝೋನ್ ಪದರವನ್ನು ಕೊರೆಯಬಲ್ಲದು ಎಂದು 1974ರಲ್ಲಿ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಹೇಳಿದರು. 1987ರಲ್ಲಿ ಇಂಥ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ ಸೇರಿದ್ದು 1992ರಲ್ಲಿ.

ಬದಲಿಗೆ ಬಂದ ಆರ್-134ಎಯಲ್ಲಿ ಕ್ಲೋರಿನ್ ಇಲ್ಲ. ಆದರೆ ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಕಾಯಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಗಟ್ಟಿ. ಹಾಗಾದರೆ ಆ ಡೈಆಕ್ಸೈಡನ್ನೇ ತುಂಬಬಹುದಲ್ಲ? 31 ಡಿಗ್ರಿ ದಾಟಿದರೆ ಎಷ್ಟೇ ಒತ್ತಿದರೂ ಅದು ದ್ರವವಾಗದು. ವಿಪರೀತ ಒತ್ತಡದ ಬೇರೆಯೇ ಯಂತ್ರ ಬೇಕು. ನಾರಾಯಣಖೇಡದ ಬಿಸಿಲಲ್ಲಿ ಮನೆಯ ಫ್ರಿಜ್ಜಿಗೆ ಅದು ಆಗದ ಮಾತು.

1993ರಲ್ಲಿ ಜರ್ಮನಿಯ ಫೋರೋನ್ ಕಂಪನಿ ಹೈಡ್ರೋಕಾರ್ಬನ್ ಫ್ರಿಜ್ಜುಗಳನ್ನು ಮಾರುಕಟ್ಟೆಗೆ ತಂದಿತು. ಆ ಸಾಲಿನ ಐಸೊಬ್ಯೂಟೇನ್, ಅಂದರೆ ಆರ್-600ಎ, ಈಗ ನಮ್ಮ ಅಂಗಡಿಗಳ ಹೊಸ ಫ್ರಿಜ್ಜುಗಳಲ್ಲಿ ಸಾಮಾನ್ಯ. ಅಡುಗೆ ಸಿಲಿಂಡರಿನ ಅನಿಲದ ಬಳಗದ್ದೇ ಅದು, ಉರಿಯುತ್ತದೆ. ಒಂದು ಫ್ರಿಜ್ಜಿಗೆ ಬೇಕಾದದ್ದು ಸುಮಾರು 50 ಗ್ರಾಂ, ಹಾಗಾಗಿ ಅಪಾಯ ಕಡಿಮೆ. ಆದರೆ ಸಿಲಿಂಡರಿನ ಗ್ಯಾಸಿಗೆ ಬೆರೆಸುವ ವಾಸನೆ ಇದಕ್ಕಿಲ್ಲ, ಸೋರಿದ್ದು ಮೂಗಿಗೆ ತಿಳಿಯದು.

ಮಾಂಟ್ರಿಯಲ್ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅಂಗೀಕರಿಸಿತು. ಅದರಂತೆ 134ಎ ಬಳಗದ ಬಳಕೆ 2047ರ ಹೊತ್ತಿಗೆ ಶೇ 85ರಷ್ಟು ಇಳಿಯಬೇಕು.

ಫ್ರಿಜ್ಜಿನ ಹಿಂದೆ ಅಥವಾ ಕಂಪ್ರೆಸರ್ ಮೇಲೆ ಗ್ಯಾಸಿನ ಹೆಸರು, ತೂಕ ಬರೆದಿರುತ್ತದೆ. ರಿಪೇರಿಗೆ ಕರೆಯುವ ಮುಂಚೆ ಓದಿಕೊಳ್ಳಿ, ಅದೇ ಗ್ಯಾಸನ್ನು ತೂಗಿ ಹಾಕಿಸಿ. 600ಎ ಇದ್ದರೆ ಕಿಟಕಿ ತೆರೆದಿಡಿ. ಪೈಪಿನಲ್ಲಿ ಗ್ಯಾಸ್ ಇರುವಾಗ ಬೆಸುಗೆ ಹಾಕಲು ಬಿಡಬೇಡಿ.