ನಾಲ್ಕೇ ಗಿಡ ಇಟ್ಟುಕೊಂಡು ತಳಿ ಕಟ್ಟುವ ಲೆಕ್ಕ

ಕೆನಡಾದಲ್ಲಿ ಮನೆಗೆ 4 ಗಾಂಜಾ ಗಿಡ. ಮನೆಯಲ್ಲಿ ಎಷ್ಟು ಜನ ದೊಡ್ಡವರಿದ್ದರೂ ನಾಲ್ಕೇ. 2018ರ ಅಕ್ಟೋಬರ್ 17ರಂದು ಜಾರಿಗೆ ಬಂದ ಕಾಯ್ದೆಯ ಮಿತಿ ಇದು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ಲೆಕ್ಕ ಮನೆಗಲ್ಲ, ತಲೆಗೆ: ವಯಸ್ಕರೊಬ್ಬರಿಗೆ 3. ಉರುಗ್ವೆಯಲ್ಲಿ 2013ರ ಕಾನೂನಿನಂತೆ ಮನೆಗೆ 6, ಜೊತೆಗೆ ವರ್ಷಕ್ಕೆ 480 ಗ್ರಾಂ ಎಂಬ ಇನ್ನೊಂದು ಕಟ್ಟು. ಮಾಲ್ಟಾ (2021) ಮತ್ತು ಲಕ್ಸೆಂಬರ್ಗ್ (2023) ಎರಡೂ ಮನೆಗೆ 4ಕ್ಕೆ ನಿಂತಿವೆ. ಕ್ಯಾಲಿಫೋರ್ನಿಯಾ 2016ರಲ್ಲಿ 6 ಅಂದಿತು.

ನಮ್ಮಲ್ಲಿ ಈ ಅಂಕಿ ಸೊನ್ನೆ. 1985ರ ಎನ್‌ಡಿಪಿಎಸ್ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಒಣಗಿದ ಗಾಂಜಾಕ್ಕೆ 1 ಕಿಲೋ, 20 ಕಿಲೋ ಎಂದು ಹಂತಗಳಿವೆ, ಶಿಕ್ಷೆಯೂ ಅದರಂತೆ ಏರುತ್ತದೆ. ಬೆಳೆಸುವುದಕ್ಕೆ ಅಂಥ ಹಂತಗಳಿಲ್ಲ. ಕಬ್ಬಿನ ಗದ್ದೆಯ ನಡುವೆ ಬೆಳೆಸಿದ ನೂರು ಗಿಡಕ್ಕೂ ಬಾಲ್ಕನಿಯ ಕುಂಡದಲ್ಲಿರುವ ಒಂದು ಗಿಡಕ್ಕೂ ಅದೇ ಸೆಕ್ಷನ್. ಆದ್ದರಿಂದ ಮುಂದಿನ ಲೆಕ್ಕವೆಲ್ಲ ಟೊರಾಂಟೊ, ಬ್ರಾಂಪ್ಟನ್, ಮ್ಯೂನಿಕ್ ಕಡೆಯದು. ಅಲ್ಲಿನ ಕನ್ನಡ ಮನೆಗಳ ಹಿತ್ತಿಲಿಗೆ ಅದು ಅನ್ವಯಿಸುತ್ತದೆ, ಇಲ್ಲಿನ ಹಿತ್ತಿಲಿಗಲ್ಲ. ಕೆನಡಾದಲ್ಲೂ ಎಲ್ಲ ಕಡೆ ಅನ್ವಯಿಸುವುದಿಲ್ಲ. ಕ್ವಿಬೆಕ್ ಪ್ರಾಂತ್ಯ ಮನೆಯಲ್ಲಿ ಬೆಳೆಸುವುದನ್ನೇ ನಿಷೇಧಿಸಿದೆ. 2023ರ ಏಪ್ರಿಲ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು. ಟೊರಾಂಟೊದಲ್ಲಿ ನಾಲ್ಕು, ಮಾಂಟ್ರಿಯಲ್‌ನಲ್ಲಿ ಸೊನ್ನೆ.

ಈ ಮೂರು, ನಾಲ್ಕು, ಆರು ಎಂಬ ಅಂಕಿಗಳ ಹಿಂದೆ ಒಂದು ಗಿಡ ಎಷ್ಟು ಕೊಡುತ್ತದೆ ಎಂಬ ಊಹೆ ಇರಲೇಬೇಕು. ಅದನ್ನು ಕಾನೂನುಗಳಿಂದಲೇ ಹೊರತೆಗೆಯಬಹುದು. ಉರುಗ್ವೆಯ 480 ಗ್ರಾಮನ್ನು 6ರಿಂದ ಭಾಗಿಸಿದರೆ ಗಿಡಕ್ಕೆ 80 ಗ್ರಾಂ. ಜರ್ಮನಿಯಲ್ಲಿ ಮನೆಯೊಳಗೆ ಇಟ್ಟುಕೊಳ್ಳಬಹುದಾದದ್ದು 50 ಗ್ರಾಂ. ಮೂರು ಗಿಡದ ಮೇಲೆ ಹಂಚಿದರೆ ಗಿಡಕ್ಕೆ 16.7. ನೆದರ್ಲೆಂಡ್ಸ್‌ನ ಕೋರ್ಟುಗಳು ಅಕ್ರಮ ಬೆಳೆಗಾರನ ಲಾಭ ಲೆಕ್ಕ ಹಾಕುವಾಗ ಚದರ ಮೀಟರಿಗೆ 15 ಗಿಡ, ಗಿಡಕ್ಕೆ 28.2 ಗ್ರಾಂ ಹಿಡಿಯುತ್ತವೆ. ಕೆನಡಾದಲ್ಲಿ ಔಷಧಕ್ಕಾಗಿ ಬೆಳೆಸುವ ರೋಗಿಗಳ ಅನುಮತಿಗೆ ಒಂದು ಹಳೆಯ ಸೂತ್ರವಿದೆ. ಒಳಗೆ ಬೆಳೆಸಿದರೆ ಗಿಡಕ್ಕೆ 30 ಗ್ರಾಂ, ವರ್ಷಕ್ಕೆ ಮೂರು ಬೆಳೆ. ಹೊರಗೆ ಬೆಳೆಸಿದರೆ ಗಿಡಕ್ಕೆ 250 ಗ್ರಾಂ, ಒಂದೇ ಬೆಳೆ. ಅದರ ಪ್ರಕಾರ ದಿನಕ್ಕೆ 1 ಗ್ರಾಂ ಬೇಕಾದವನಿಗೆ ಒಳಗೆ 5 ಗಿಡ, ಹೊರಗೆ 2.

16.7ರಿಂದ 250. ಒಂದೇ ಗಿಡ, ಹದಿನೈದು ಪಟ್ಟು ವ್ಯತ್ಯಾಸ. ಇಳುವರಿಯನ್ನು ತೀರ್ಮಾನಿಸುವುದು ಗಿಡದ ಸಂಖ್ಯೆಯಲ್ಲ, ಅದರ ಮೇಲೆ ಬೀಳುವ ಬೆಳಕು ಮತ್ತು ಬೇರಿಗೆ ಸಿಗುವ ಜಾಗ. ಈ ಮಾತು ಮುಂದೆ ಬೇಕಾಗುತ್ತದೆ.

ಈಗ ಮನೆಯ ಖರ್ಚು. ಒಂಟಾರಿಯೊದ ಮನೆಯೊಂದರ ನೆಲಮಾಳಿಗೆಯಲ್ಲಿ 1.2 ಮೀಟರ್ ಉದ್ದ, ಅಷ್ಟೇ ಅಗಲದ ಬಟ್ಟೆಯ ಗುಡಾರ, ಒಳಗೆ 400 ವಾಟಿನ ಎಲ್‌ಇಡಿ, ಗಾಳಿಗೆ 40 ವಾಟಿನ ಫ್ಯಾನ್ ಎಂದು ಹಿಡಿಯೋಣ. ಮೊದಲ 4 ವಾರ ದಿನಕ್ಕೆ 18 ಗಂಟೆ ಬೆಳಕು, ಹೂವಿನ 9 ವಾರ 12 ಗಂಟೆ. ದೀಪ ಉರಿಯುವುದು 504 ಮತ್ತು 756, ಒಟ್ಟು 1,260 ಗಂಟೆ. ಅಂದರೆ 504 ಯೂನಿಟ್. ಫ್ಯಾನ್ ಹಗಲು ರಾತ್ರಿ 91 ದಿನ ತಿರುಗಿದರೆ 87 ಯೂನಿಟ್. ಸೇರಿಸಿದರೆ 591. ಯೂನಿಟ್ಟಿಗೆ 13 ಸೆಂಟ್ ಹಿಡಿದರೆ 77 ಡಾಲರ್. ನಾಲ್ಕೈದು ಬೀಜದ ಪೊಟ್ಟಣಕ್ಕೆ 50 (ಒಂದು ಬೀಜದ ಬೆಲೆಗೆ ನಮ್ಮಲ್ಲಿ ಸೇರುಗಟ್ಟಲೆ ಬಿತ್ತನೆ ರಾಗಿ ಬರುತ್ತದೆ, ಆ ಮಾತು ಬೇರೆ), ಮಣ್ಣು, ಗೊಬ್ಬರ, ಕುಂಡಕ್ಕೆ 80. ಗುಡಾರ, ದೀಪ, ಫ್ಯಾನಿನ 800 ಡಾಲರನ್ನು ಮೂರು ವರ್ಷದ ಒಂಬತ್ತು ಬೆಳೆಗೆ ಹಂಚಿದರೆ ಬೆಳೆಗೆ 89. ಒಂದು ಬೆಳೆಯ ಖರ್ಚು 296 ಕೆನಡಾ ಡಾಲರ್. ಡಾಲರಿಗೆ 60 ರೂಪಾಯಿ ಹಿಡಿದರೆ ಹೆಚ್ಚುಕಡಿಮೆ 17,800 ರೂಪಾಯಿ.

ಸರ್ಕಾರಿ ಸೂತ್ರದ 30 ಗ್ರಾಮಿನಂತೆ ನಾಲ್ಕು ಗಿಡಕ್ಕೆ 120 ಗ್ರಾಂ ಬಂದರೆ ಗ್ರಾಮಿಗೆ ಎರಡೂವರೆ ಡಾಲರ್ ಬೀಳುತ್ತದೆ. ಕೈ ಪಳಗಿದವರು ಅದೇ ಗುಡಾರದಲ್ಲಿ 400 ಗ್ರಾಂ ತೆಗೆದರೆ 74 ಸೆಂಟ್. ಅಂಗಡಿಯಲ್ಲಿ ಗ್ರಾಮಿಗೆ 5 ಡಾಲರಿನ ಆಸುಪಾಸು ಇರುವಾಗ ಇದು ಗೆದ್ದ ಲೆಕ್ಕವೇ. ಕೂಲಿಯನ್ನು ಬಿಟ್ಟಿದ್ದೇನೆ, ಮನೆಯ ತೋಟದಲ್ಲಿ ಕೂಲಿ ಹಾಕಲು ಹೋದರೆ ಕರಿಬೇವಿನ ಗಿಡವೂ ನಷ್ಟದ ಬಾಬ್ತೇ.

ಜರ್ಮನಿಯಲ್ಲಿ ಅದೇ ಗುಡಾರ ಇಟ್ಟರೆ ಲೆಕ್ಕ ತಿರುವುಮುರುವಾಗುತ್ತದೆ. ಯೂನಿಟ್ಟಿಗೆ 35 ಯೂರೊ ಸೆಂಟ್ ಹಿಡಿದರೆ ಕರೆಂಟಿಗೇ 207 ಯೂರೊ. ಗಿಡ ಎಷ್ಟೇ ಕೊಡಲಿ, ಮನೆಯಲ್ಲಿ ಉಳಿಸಿಕೊಳ್ಳಬಹುದಾದದ್ದು 50 ಗ್ರಾಂ, ಹೆಚ್ಚಾದದ್ದನ್ನು ನಾಶಪಡಿಸಬೇಕು. ಆಗ ಕರೆಂಟೊಂದೇ ಗ್ರಾಮಿಗೆ 4 ಯೂರೊ ದಾಟುತ್ತದೆ. ಅಲ್ಲಿನವರು ಸಣ್ಣ ದೀಪ ಕೊಳ್ಳುವುದೋ ಬಾಲ್ಕನಿಯ ಬಿಸಿಲನ್ನು ನೆಚ್ಚುವುದೋ ಲೇಸು.

ಇಲ್ಲಿಯವರೆಗಿನದು ಸೇದುವವನ ಲೆಕ್ಕ. ನಾಲ್ಕು ಗಿಡ ಅವನಿಗೆ ಸಾಕು, ಬಹುಪಾಲು ಜನರಿಗೆ ಹೆಚ್ಚೇ. ಆದರೆ ಬೆಳೆಸುವ ಹುಚ್ಚು ಹತ್ತಿದವರು ಒಂದೆರಡು ಬೆಳೆಯ ನಂತರ ಇನ್ನೊಂದು ಪ್ರಶ್ನೆಗೆ ಬರುತ್ತಾರೆ: ಇದನ್ನೂ ಅದನ್ನೂ ಕೂಡಿಸಿ ನನ್ನದೇ ಒಂದು ತಳಿ ಮಾಡಿದರೆ? ಕೆನಡಾದ ಕಾಯ್ದೆ ಇದನ್ನು ತಡೆಯುವುದಿಲ್ಲ. ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಹಚ್ಚುವುದು ಅಪರಾಧವಲ್ಲ. ತಡೆಯುವುದು ಆ 4 ಎಂಬ ಅಂಕಿ.

ಗಾಂಜಾದಲ್ಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಪಪ್ಪಾಯಿ ಬೆಳೆದವರಿಗೆ ಈ ತಾಪತ್ರಯ ಗೊತ್ತು. ವರ್ಣತಂತುಗಳು 20, ಅದರಲ್ಲಿ ಒಂದು ಜೊತೆ ಮನುಷ್ಯರ ಹಾಗೆಯೇ ಲಿಂಗ ನಿರ್ಧರಿಸುವ ಎಕ್ಸ್-ವೈ. ಬೀಜದಲ್ಲಿ ಅರ್ಧ ಗಂಡು, ಅರ್ಧ ಹೆಣ್ಣು. ನೋಡಿ ಹೇಳಲು ನಾಲ್ಕಾರು ವಾರ ಕಾಯಬೇಕು, ಅಷ್ಟರಲ್ಲಿ ಕುಂಡವೂ ಕರೆಂಟೂ ಖರ್ಚಾಗಿರುತ್ತದೆ. ಕಾಯ್ದೆಯ ಕಣ್ಣಿಗೆ ಗಂಡೂ ಒಂದು ಗಿಡವೇ.

ಒಂದು ಸರಳ ಆಸೆ ಇಟ್ಟುಕೊಳ್ಳೋಣ. ಸಾಮಾನ್ಯ ಗಾಂಜಾ ದಿನ ಸಣ್ಣದಾಗಿ ರಾತ್ರಿ ಉದ್ದವಾದಾಗ ಹೂ ಬಿಡುತ್ತದೆ. ರಷ್ಯಾದ ಕಾಡುಮೇಡಿನ ರುಡೆರಾಲಿಸ್ ಎಂಬ ಕುಳ್ಳ ಜಾತಿಗೆ (1924ರಲ್ಲಿ ಅದಕ್ಕೆ ಹೆಸರಿಟ್ಟದ್ದು ರಷ್ಯಾದ ಸಸ್ಯವಿಜ್ಞಾನಿ ಯಾನಿಷೆವ್‌ಸ್ಕಿ) ಹಗಲಿನ ಹಂಗಿಲ್ಲ. ವಯಸ್ಸಿಗೆ ಬಂದರೆ ಹೂ ಬಿಟ್ಟಿತು. ಕೆನಡಾದ ಗಿಡ್ಡ ಬೇಸಿಗೆಗೆ ಹೇಳಿಮಾಡಿಸಿದ ಗುಣ. ಆ ಗುಣವನ್ನು ತನಗೆ ಮೆಚ್ಚಿಗೆಯಾದ ಗಿಡಕ್ಕೆ ತರಬೇಕು. ಅದು ಅಡಗುವ ಗುಣ. ತಾಯಿ ತಂದೆ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುತ್ತದೆ. ಮೊದಲ ಪೀಳಿಗೆಯಲ್ಲಿ ಎಲ್ಲೂ ಸರಿಯಾಗಿ ಕಾಣದು. ಆ ಪೀಳಿಗೆಯ ಒಡಹುಟ್ಟುಗಳನ್ನು ಕೂಡಿಸಿದ ಎರಡನೆಯ ಪೀಳಿಗೆಯಲ್ಲಿ ನಾಲ್ಕಕ್ಕೆ ಒಂದು. ಹೆಣ್ಣೇ ಬೇಕೆಂದರೆ ಎಂಟಕ್ಕೆ ಒಂದು.

ನಾಲ್ಕು ಕುಂಡದಲ್ಲಿ ನಾಲ್ಕು ಬೀಜ ಹಾಕಿದರೆ ಅಂಥ ಹೆಣ್ಣು ಒಂದೂ ಸಿಗದಿರುವ ಸಂಭವ ಎಂಟರಲ್ಲಿ ಏಳನ್ನು ನಾಲ್ಕು ಸಲ ಗುಣಿಸಿದಷ್ಟು: 58.6%. ಸಿಗುವ ಸಂಭವ 41.4%. ಜರ್ಮನಿಯ ಮೂರು ಕುಂಡದಲ್ಲಿ 33%. ಮುಂದಿನ ಪೀಳಿಗೆಗೆ ಅದೇ ಗುಣದ ಗಂಡೂ ಹೆಣ್ಣೂ ಒಂದೇ ಬೆಳೆಯಲ್ಲಿ ಬೇಕೆಂದರೆ ನಾಲ್ಕರಲ್ಲಿ 14.4%, ಮೂರರಲ್ಲಿ 8.2%. ಪರಾಗವನ್ನು ಒಣಗಿಸಿ ಫ್ರೀಜರಿನಲ್ಲಿ ಇಡಬಹುದು, ಅದರಿಂದ ಸ್ವಲ್ಪ ಉಸಿರಾಡಲು ಬಿಡುವು ಸಿಗುತ್ತದೆ. ಹೆಣ್ಣನ್ನು ಹಾಗೆ ಇಡಲಾಗದು. ಹಗಲಿನ ಹಂಗಿಲ್ಲದ ಗಿಡದ ಟೊಂಗೆ ಕತ್ತರಿಸಿ ನೆಟ್ಟರೂ ಅದು ತಾಯಿಯ ವಯಸ್ಸನ್ನೇ ಹೊತ್ತು ಹೂ ಬಿಡುತ್ತದೆ. ಹಗಲು ನೋಡುವ ಜಾತಿಯಾದರೆ ಟೊಂಗೆ ಉಳಿಸಿಕೊಳ್ಳಬಹುದು, ಆದರೆ ಬೇರು ಬಿಟ್ಟ ಟೊಂಗೆಯೂ ನಾಲ್ಕರಲ್ಲಿ ಒಂದು.

ಸಂಭವ 95%ಗೆ ಏರಬೇಕಾದರೆ 23 ಬೀಜ ಹಾಕಬೇಕು. ನಾಲ್ಕರಂತೆ 6 ಬೆಳೆ. ಮೊದಲ ಕೂಡಿಕೆಗೆ ಒಂದು, ಮೊದಲ ಪೀಳಿಗೆಗೆ ಇನ್ನೊಂದು, ಒಟ್ಟು 8 ಬೆಳೆ: 728 ದಿನ, 2,368 ಡಾಲರ್. ಬೀಜ ಕಟ್ಟಿದ ಹೂವು ಸೇದುವವರಿಗೆ ಬೇಡವಾದ್ದರಿಂದ ಆ ಎರಡು ವರ್ಷದಲ್ಲಿ ಕೈಗೆ ಸಿಗುವುದೂ ಕಡಿಮೆ.

ಇದು ಒಂದು ಗುಣದ ಕಥೆ. ಅಮಲು ಕೊಡುವ ಟಿಎಚ್‌ಸಿ ಬದಲು ಅಮಲಿಲ್ಲದ ಸಿಬಿಡಿಯೇ ಹೆಚ್ಚಿರಬೇಕು ಎಂಬ ಎರಡನೆಯ ಆಸೆ ಸೇರಿಸಿ. ಡಿ ಮೈಯರ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದಂತೆ ಇದೂ ಎರಡನೆಯ ಪೀಳಿಗೆಯಲ್ಲಿ 1:2:1ರಂತೆ ಒಡೆಯುತ್ತದೆ: ಕಾಲು ಭಾಗ ಟಿಎಚ್‌ಸಿ, ಅರ್ಧ ಮಿಶ್ರ, ಕಾಲು ಭಾಗ ಸಿಬಿಡಿ. ಎರಡೂ ಗುಣ ಒಂದಕ್ಕೊಂದು ಅಂಟಿಕೊಳ್ಳದೆ ಬಂದರೆ ಹದಿನಾರಕ್ಕೆ ಒಂದು; ಹೆಣ್ಣು ಬೇಕೆಂದರೆ ಮೂವತ್ತೆರಡಕ್ಕೆ ಒಂದು. 95% ಖಾತ್ರಿಗೆ 95 ಗಿಡ (ಎರಡು ಅಂಕಿಯೂ ಒಂದೇ ಆದದ್ದು ಕಾಕತಾಳೀಯ). ನಾಲ್ಕರಂತೆ 24 ಬೆಳೆ, ಆರು ವರ್ಷ, 7,100 ಡಾಲರ್. ಅದೂ ಸಿಕ್ಕದ್ದು ಒಂದು ಗಿಡ, ತಳಿಯಲ್ಲ. ಬಿತ್ತಿದ ಬೀಜವೆಲ್ಲ ಒಂದೇ ಬಗೆಯಾಗಿ ಬರಬೇಕಾದರೆ ಇನ್ನೂ ಪೀಳಿಗೆಗಳು ಬೇಕು. ಅಣ್ಣ-ತಂಗಿ ಗಿಡಗಳನ್ನು ಕೂಡಿಸುತ್ತ ಹೋದರೆ ಮಿಶ್ರ ಗುಣ ಅರ್ಧಕ್ಕೆ ಇಳಿಯಲು ಮೂರು ಪೀಳಿಗೆ. ತನಗೆ ತಾನೇ ಪರಾಗ ಹಚ್ಚಿಕೊಳ್ಳುವ ಬೆಳೆಯಲ್ಲಿ ಅಷ್ಟೇ ಕೆಲಸ ಒಂದು ಪೀಳಿಗೆಯಲ್ಲಿ ಆಗುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ನೆಂಟಸ್ತನ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರಿಗೆ ರಾಗಿಯ ಈ ಸ್ವಭಾವದ ಅನುಕೂಲವಿತ್ತು, ಎದುರಿಗೆ ಗದ್ದೆಗಳೂ ಇದ್ದವು. ಅವರಿಗೆ ನಾಲ್ಕು ಪೈರಿನ ಮಿತಿ ಹಾಕಿದ್ದರೆ ಹಳೇ ಮೈಸೂರಿನವರು ಇನ್ನೂ ಹಳೆಯ ರಾಗಿಯನ್ನೇ ಬಿತ್ತುತ್ತಿದ್ದರು.

ಬರೀ ಹೆಣ್ಣು ಬೀಜ ಪಡೆಯುವ ದಾರಿ ಉಂಟು. ಹೆಣ್ಣುಗಿಡದಲ್ಲೇ ಪರಾಗ ಹುಟ್ಟಿಸುತ್ತಾರೆ. ಆಗ ಎಂಟಕ್ಕೆ ಒಂದು ಎಂಬುದು ನಾಲ್ಕಕ್ಕೆ ಒಂದಾಗಿ, 23ರ ಜಾಗದಲ್ಲಿ 11 ಗಿಡ ಸಾಕು. ಮೂರು ಬೆಳೆ. ಅಂಗಡಿಯ ಬೀಜದ ಪೊಟ್ಟಣಗಳಲ್ಲಿ ಇಂಥವೇ ಹೆಚ್ಚು, ಗಂಡನ್ನು ಕಿತ್ತೆಸೆಯುವ ಕೆಲಸ ತಪ್ಪಲೆಂದು.

ಆ ಕೆಲಸಕ್ಕೆ ಒಂದು ಕಾಲದಲ್ಲಿ ಸಂಬಳದ ಕಸುಬುದಾರರಿದ್ದರು. 1893–94ರ ಭಾರತದ ಸೆಣಬು ಮಾದಕಗಳ ಆಯೋಗ (ಏಳು ಸದಸ್ಯರು, 1,193 ಸಾಕ್ಷಿಗಳು) ಬಂಗಾಳದ ರಾಜಶಾಹಿ ಜಿಲ್ಲೆಯ ನವಗಾಂವ್ ಸುತ್ತಲಿನ ‘ಗಾಂಜಾ ಮಹಲ್’ ಎಂಬ ಪರವಾನಗಿ ಪ್ರದೇಶವನ್ನು ವಿವರವಾಗಿ ದಾಖಲಿಸಿದೆ (ಈಗದು ಬಾಂಗ್ಲಾದೇಶದಲ್ಲಿದೆ). ಅಲ್ಲಿ ಪೋದ್ದಾರ ಎಂಬುವನು ಸಾಲುಸಾಲಾಗಿ ನಡೆದು, ಎಳೆಯ ಗಿಡಗಳಲ್ಲೇ ಗಂಡನ್ನು ಗುರುತು ಹಿಡಿದು ಕೀಳಿಸುತ್ತಿದ್ದ. ‘ಗಾಂಜಾ ಡಾಕ್ಟರ್’ ಎಂದೂ ಕರೆಯುತ್ತಿದ್ದರು. ಒಂದು ಗಂಡು ಉಳಿದರೂ ಸುತ್ತಲಿನ ಹೂವೆಲ್ಲ ಬೀಜ ಕಟ್ಟಿ ಬೆಲೆ ಬಿದ್ದುಹೋಗುತ್ತಿತ್ತು. ಇಂದಿನ ಮನೆ ತಳಿಗಾರನ ನೆರೆಯವರಿಗೂ ಅದೇ ಭಯ. ಪರಾಗಕ್ಕೆ ಬೇಲಿ ಗೊತ್ತಿಲ್ಲ.

ಬೀಜದ ಲೆಕ್ಕವಂತೂ ತಮಾಷೆಯದು. ಸಾವಿರ ಗಾಂಜಾ ಬೀಜ ತೂಗುವುದು ಹದಿನೈದಿಪ್ಪತ್ತು ಗ್ರಾಂ. ಕೆನಡಾದ ಕಾಯ್ದೆಯ ಕೋಷ್ಟಕದಲ್ಲಿ ಮಾತ್ರ 1 ಬೀಜ 1 ಗ್ರಾಂ ಒಣಹೂವಿಗೆ ಸಮ. ಹೊರಗೆ ಹೊತ್ತೊಯ್ಯಬಹುದಾದದ್ದು 30 ಗ್ರಾಂ, ಅಂದರೆ 30 ಬೀಜ. ನಿಜವಾದ ತೂಕ ಅರ್ಧ ಗ್ರಾಮಿನಷ್ಟು. ಒಂದೇ ಹೆಣ್ಣುಗಿಡ ನೂರಾರು ಬೀಜ ಕೊಟ್ಟೀತು. ಮನೆಯಲ್ಲಿ ಇಟ್ಟುಕೊಳ್ಳಬಹುದು, ಗೆಳೆಯನಿಗೆ 30 ಕೊಡಬಹುದು, ಮಾರುವಂತಿಲ್ಲ. ಊರಿಗೆ ಬರುವಾಗ ಒಂದು ಬೀಜವನ್ನೂ ಗಡಿ ದಾಟಿಸುವಂತಿಲ್ಲ.

ಮಿತಿ ಮೀರಿದರೆ? ಐದನೆಯ ಅಥವಾ ಆರನೆಯ ಗಿಡಕ್ಕೆ 200 ಡಾಲರಿನ ಚೀಟಿ ಹರಿದು ಮುಗಿಸಬಹುದು. ಅದರಾಚೆ ಕ್ರಿಮಿನಲ್ ಮೊಕದ್ದಮೆ, ಗರಿಷ್ಠ 14 ವರ್ಷ. ನಮ್ಮ 23ರ ತಳಿಗಾರ ನಿಲ್ಲುವುದು ಆ ಸಾಲಿನಲ್ಲಿ.

ಆದರೆ ಅದೇ ಸರ್ಕಾರ ಪರವಾನಗಿ ಪಡೆದ ಬೆಳೆಗಾರರಿಗೆ ಗಿಡ ಎಣಿಸುವುದೇ ಇಲ್ಲ. ಅಲ್ಲಿ ಅಳತೆ ಚದರ ಮೀಟರು. ಸಣ್ಣ ಬೆಳೆಗಾರನಿಗೆ 200, ಬೀಜ-ಸಸಿ ಮಾಡುವ ನರ್ಸರಿಯ ಹೂಬಿಡುವ ಗಿಡಗಳಿಗೆ 50 ಎಂದಿದ್ದದ್ದನ್ನು 2025ರಲ್ಲಿ ನಾಲ್ಕು ಪಟ್ಟು ಹೆಚ್ಚಿಸಿ 800 ಮತ್ತು 200 ಮಾಡಿದರು. ಇದೇ ಅಳತೆಯನ್ನು ಮನೆಗೂ ತಂದರೆ ಏನಾಗುತ್ತಿತ್ತು ಎಂದು ಹಾಕಿ ನೋಡಿದೆ. ನೆಲಮಾಳಿಗೆಯ ಗುಡಾರ 1.44 ಚದರ ಮೀಟರು. ಡಚ್ ಕೋರ್ಟಿನ 15ರ ಸಾಂದ್ರತೆಯಲ್ಲಿ ಅದರೊಳಗೆ 21 ಸಣ್ಣ ಕುಂಡ ಕೂರುತ್ತವೆ. ದೀಪ ಅದೇ 400 ವಾಟ್, ಕರೆಂಟು ಅದೇ 591 ಯೂನಿಟ್. ಬೆಳಕು ಅಷ್ಟೇ ಇರುವಾಗ ಹೂವಿನ ಒಟ್ಟು ತೂಕ ಐದು ಪಟ್ಟಾಗುವುದಿಲ್ಲ. ಹೂವು ಹೆಚ್ಚದೆ ಆಯ್ಕೆ ಹೆಚ್ಚುತ್ತದೆ: ಎಂಟಕ್ಕೆ ಒಂದರ ಆ ಹೆಣ್ಣು ಒಂದೇ ಬೆಳೆಯಲ್ಲಿ ಸಿಗುವ ಸಂಭವ 41ರಿಂದ 94%ಗೆ ಏರುತ್ತದೆ, ಆರು ಬೆಳೆಯ ಹದಿನೆಂಟು ತಿಂಗಳು ಮೂರು ತಿಂಗಳಿಗೆ ಇಳಿಯುತ್ತದೆ.